ನನಗೆ ಬಂದ ಕಾಗದ, ಸೊರಬದಲ್ಲಿದ್ದ ಕಾರು

ಅಂಚೆಯಲ್ಲಿ ಬರುವ ಕಾಗದಗಳಿಗೆ ನಮ್ಮ ಮನೆಯಲ್ಲಿ ಒಂದು ಕ್ರಮವಿದೆ. ಮದುವೆಯ ಕರೆಯೋಲೆಯಾದರೆ ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸುತ್ತೇವೆ. ಬ್ಯಾಂಕಿನದು, ಪಿಂಚಣಿಯದು ಆದರೆ ಬೀರುವಿಗೆ. ಉಳಿದದ್ದೆಲ್ಲ ಹಳೆಯ ಪೇಪರಿನ ಕಟ್ಟಿನ ಮೇಲೆ. 2018ರ ಆರಂಭದಲ್ಲಿ ಬಂದ ಒಂದು ದಪ್ಪ ಲಕೋಟೆ ಈ ಮೂರನೆಯ ಗುಂಪಿಗೆ ಸೇರಿತು. ಮೇಲೆ ಕಾರು ಕಂಪನಿಯ ಗುರುತು, ಒಳಗೆ ಇಂಗ್ಲಿಷಿನಲ್ಲಿ ಒತ್ತಾಗಿ ಅಚ್ಚಾದ ಒಂದೂವರೆ ಪುಟ. ಅದರಲ್ಲಿ 'ಉಚಿತ' ಎಂಬ ಅರ್ಥದ ಮಾತೊಂದು ಕಣ್ಣಿಗೆ ಬಿತ್ತು. ಮೂವತ್ತನಾಲ್ಕು ವರ್ಷ ಮಕ್ಕಳಿಗೆ 'ಪ್ರಶ್ನೆಯನ್ನು ಪೂರ್ತಿ ಓದಿ ಉತ್ತರ ಬರೆಯಿರಿ' ಎಂದು ಹೇಳುತ್ತ ಬಂದ ಹೈಸ್ಕೂಲು ಮೇಷ್ಟ್ರು ನಾನು. ಆ ಒಂದೇ ಮಾತು ನೋಡಿ ಇದು ಯಾವುದೋ ಸರ್ವಿಸ್ ಕ್ಯಾಂಪಿನ ಜಾಹೀರಾತು ಎಂದು ತೀರ್ಮಾನಿಸಿ ಪಕ್ಕಕ್ಕಿಟ್ಟೆ. ಇಡುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಆ ಕಾರು ನನ್ನ ಬಳಿ ಇರಲೇ ಇಲ್ಲ.

ಅದನ್ನು 2015ರಲ್ಲೇ ಸೊರಬದ ಒಬ್ಬ ಬಟ್ಟೆ ವ್ಯಾಪಾರಿಗೆ ಮಾರಿಯಾಗಿತ್ತು. ಕಣ್ಣಿಗೆ ಪೊರೆ ಬಂದು, ಶಿರಾಳಕೊಪ್ಪದ ರಸ್ತೆಯಲ್ಲಿ ರಾತ್ರಿ ಎದುರಿಗೆ ಬರುವ ಒಂದು ಲಾರಿ ಎರಡಾಗಿ ಕಾಣತೊಡಗಿದ ಮೇಲೆ ಇನ್ನು ಸ್ಟೀರಿಂಗ್ ಮುಟ್ಟುವುದು ಬೇಡವೆಂದು ಹೆಂಡತಿ ಹೇಳಿದಳು. ನಾನೂ ಒಪ್ಪಿದೆ. ವ್ಯಾಪಾರ ನಮ್ಮ ನಡುಮನೆಯಲ್ಲೇ ಮುಗಿಯಿತು. ಅವರು ಕಾಫಿ ಕುಡಿದರು, ಹಣ ಎಣಿಸಿ ಕೊಟ್ಟರು, 29ನೇ ನಮೂನೆಗೂ 30ನೇ ನಮೂನೆಗೂ ಸಹಿ ಹಾಕಿಸಿಕೊಂಡರು. "ಸಾಗರದ ಆರ್‌ಟಿಓ ಆಫೀಸಿಗೆ ಹೋದಾಗ ಹೆಸರು ವರ್ಗ ಮಾಡಿಸ್ಕೋತೀನಿ, ನೀವೇನೂ ಯೋಚ್ನೆ ಮಾಡ್ಬೇಡಿ ಮೇಷ್ಟ್ರೇ" ಅಂದರು. ನಾನು ಅವರ ಮಾತು ನಡೆಸಿಕೊಟ್ಟೆ, ಯೋಚನೆ ಮಾಡಲಿಲ್ಲ. ಗಾಡಿ ಮಾರಿದವನೂ ಹದಿನಾಲ್ಕು ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು, ಕೊಂಡವನ ಮೇಲೆ ಬಿಟ್ಟು ಕೂರುವಂತಿಲ್ಲ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಲಕೋಟೆ ಬಂದು ಹತ್ತು ತಿಂಗಳು ಕಳೆದಿರಬಹುದು. ಒಂದು ಸಂಜೆ ಹುಚ್ಚರಾಯಸ್ವಾಮಿ ಕೆರೆಯ ಏರಿಯ ಕಡೆ ಅಡ್ಡಾಡುತ್ತಿದ್ದಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕಿದ. ಬೆಂಗಳೂರಿನಲ್ಲಿ ಕಾರುಗಳ ವರ್ಕ್‌ಶಾಪಿನಲ್ಲಿ ಕೆಲಸ ಅವನಿಗೆ. ಅದೂ ಇದೂ ಮಾತಾಡುತ್ತ, "ನಿಮ್ಮ ಆ ಕಾರು ಇದೆಯಾ ಸಾರ್? ಏರ್‌ಬ್ಯಾಗ್ ಬದಲಾಯಿಸಿಕೊಂಡ್ರಾ? ಆ ವರ್ಷದ ಗಾಡಿಗಳಿಗೆಲ್ಲ ರಿಕಾಲ್ ಇತ್ತಲ್ಲ, ಕಾಗದ ಬಂದಿರಬೇಕು ನಿಮಗೆ" ಅಂದ. ನನಗೆ ಆ ದಪ್ಪ ಲಕೋಟೆ ನೆನಪಾಯಿತು.

ಅಷ್ಟರಲ್ಲಿ ಪೇಪರಿನ ಕಟ್ಟು ಎರಡು ಸಲ ರದ್ದಿಗೆ ಹೋಗಿತ್ತು. ಆದರೆ ಲಕೋಟೆ ಗಟ್ಟಿಯಾಗಿದೆಯೆಂದು ಹೆಂಡತಿ ಅದರೊಳಗೆ ಕರೆಂಟ್ ಬಿಲ್ಲುಗಳನ್ನು ಸೇರಿಸಿಟ್ಟಿದ್ದಳು. ಬಿಲ್ಲುಗಳ ಹಿಂದೆ ಕಾಗದವೂ ಹಾಗೇ ಮಡಿಸಿಕೊಂಡು ಕೂತಿತ್ತು. ಆವತ್ತು ಅದನ್ನು ಮೊದಲ ಸಲ ಪೂರ್ತಿ ಓದಿದೆ. ಅಪಘಾತವಾಗಿ ಏರ್‌ಬ್ಯಾಗ್ ಉಬ್ಬುವ ಹೊತ್ತಿನಲ್ಲಿ ಅದರ ಲೋಹದ ಡಬ್ಬಿ ಒಡೆದು ಚೂರುಗಳು ಒಳಗೆ ಕೂತವರಿಗೆ ತಗುಲಬಹುದು, ಆದ್ದರಿಂದ ಕೂಡಲೇ ಡೀಲರರನ್ನು ಕಂಡು ಬದಲಾಯಿಸಿಕೊಳ್ಳಿ, ಹಣ ಕೊಡಬೇಕಾಗಿಲ್ಲ ಎಂಬುದು ಅದರ ಸಾರ. ಇಷ್ಟನ್ನೇ ನಾಲ್ಕು ಸಾಲು ಕನ್ನಡದಲ್ಲಿ, ಲಕೋಟೆಯ ಮೇಲೇ ಅಚ್ಚು ಹಾಕಿದ್ದರೆ! ಶಿಕಾರಿಪುರಕ್ಕೆ ಬರುವ ಕಾಗದಕ್ಕೆ ಅಷ್ಟು ಮರ್ಯಾದೆಯನ್ನಾದರೂ ತೋರಿಸಬಹುದಿತ್ತು. ಇರಲಿ, ನನಗೆ ಇಂಗ್ಲಿಷ್ ಬರುತ್ತಿತ್ತು. ನಾನು ಓದಲಿಲ್ಲ ಎಂಬುದೇ ನಿಜ.

ಏರ್‌ಬ್ಯಾಗ್ ಎಂದರೆ ಒಳಗೆ ಮೊದಲೇ ಗಾಳಿ ತುಂಬಿಟ್ಟ ಚೀಲವೆಂದು ನಾನು ತಿಳಿದಿದ್ದೆ. ಹಾಗಲ್ಲ. ಮಡಿಸಿಟ್ಟ ಚೀಲದ ಹಿಂದೆ ಇನ್‌ಫ್ಲೇಟರ್ ಎಂಬ ಪುಟ್ಟ ಲೋಹದ ಡಬ್ಬಿ ಇರುತ್ತದೆ. ಅದರೊಳಗೆ ಒಂದು ಬಗೆಯ ಮದ್ದು. ಗಾಡಿ ಎದುರಿಗೆ ಗುದ್ದಿದ ಕ್ಷಣದಲ್ಲಿ ಮದ್ದಿಗೆ ಕಿಡಿ ತಗುಲಿ ಅನಿಲವಾಗುತ್ತದೆ, ಚೀಲ ರೆಪ್ಪೆ ಮಿಟುಕಿಸುವುದಕ್ಕಿಂತ ಬೇಗ ಉಬ್ಬಿಕೊಳ್ಳುತ್ತದೆ. ಎಂದರೆ ನಮ್ಮ ಎದೆಯ ಮುಂದೆ ಸ್ಟೀರಿಂಗಿನ ನಡುವೆ ಒಂದು ಸಣ್ಣ ಗರ್ನಾಲು ಕೂತಿದೆ ಎಂದೇ ಲೆಕ್ಕ. ಅದು ಅಳತೆಗೆ ಸರಿಯಾಗಿ ಸಿಡಿದರೆ ಜೀವ ಉಳಿಯುತ್ತದೆ.

ಜಪಾನಿನ ತಕಾಟಾ ಎಂಬ ಕಂಪನಿ ಈ ಡಬ್ಬಿಗಳಲ್ಲಿ ಅಮೋನಿಯಂ ನೈಟ್ರೇಟನ್ನು ಬಳಸುತ್ತಿತ್ತು. ಕಲ್ಲು ಕ್ವಾರಿಗಳಲ್ಲಿ ಬಂಡೆ ಸಿಡಿಸುವ ಸ್ಫೋಟಕಗಳಿಗೂ ಅದೇ ಸಾಮಗ್ರಿ. ಅದಕ್ಕೊಂದು ಕೆಟ್ಟ ಗುಣವಿದೆ. ತೇವ ಹೀರುತ್ತದೆ. ವರ್ಷಗಟ್ಟಲೆ ಬಿಸಿಲು, ತೇವ, ಮತ್ತೆ ಬಿಸಿಲು ಎಂದು ಸಿಕ್ಕಿಕೊಂಡರೆ ಮದ್ದಿನ ಬಿಲ್ಲೆಗಳು ಬಿರುಕುಬಿಟ್ಟು ಪುಡಿಯಾಗುತ್ತವೆ. ಮಲೆನಾಡಿನ ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರೊಡೆಯುವುದು, ಬೆಂಕಿಪೊಟ್ಟಣ ಮೆತ್ತಗಾಗುವುದು ನಮಗೇನು ಹೊಸದಲ್ಲ. ತೇವವಾದ ಬೆಂಕಿಕಡ್ಡಿ ಹತ್ತುವುದಿಲ್ಲ, ಅಷ್ಟೇ. ಈ ಮದ್ದಿನ ಕಥೆ ತಿರುಗುಮುರುಗು. ಪುಡಿಯಾದದ್ದು ಒಮ್ಮೆಲೇ ಹತ್ತಿಕೊಂಡು, ಲೋಹದ ಡಬ್ಬಿಯನ್ನೇ ಸೀಳಿ ಚೂರುಗಳನ್ನು ಕತ್ತಿಗೆ, ಮುಖಕ್ಕೆ ಹಾರಿಸುತ್ತದೆ. 2009ರಲ್ಲಿ ಅಮೆರಿಕದ ಒಕ್ಲಹೋಮಾದಲ್ಲಿ ಹದಿನೆಂಟು ವರ್ಷದ ಹುಡುಗಿಯೊಬ್ಬಳು ತಮ್ಮನನ್ನು ಕರೆದುಕೊಂಡು ಬರಲು ಶಾಲೆಗೆ ಹೋದವಳು, ಅಲ್ಲಿನ ಕಾರು ನಿಲ್ಲಿಸುವ ಜಾಗದಲ್ಲಿ ಇನ್ನೊಂದು ಗಾಡಿಗೆ ಸಣ್ಣದಾಗಿ ತಾಗಿಸಿದಳು. ಬಂಪರು ಜಜ್ಜಿ ಮುಗಿಯಬೇಕಾದ ಡಿಕ್ಕಿಯಲ್ಲಿ ಅವಳ ಜೀವವೇ ಹೋಯಿತು. ಅಮೆರಿಕವೊಂದರಲ್ಲೇ ಹೋಂಡಾ, ಟೊಯೊಟಾ, ಫೋರ್ಡ್, ಬಿಎಂಡಬ್ಲ್ಯು ಸೇರಿ 19 ತಯಾರಕರ ಗಾಡಿಗಳಿಂದ ಸುಮಾರು 6.7 ಕೋಟಿ ಏರ್‌ಬ್ಯಾಗುಗಳನ್ನು ವಾಪಸ್ ಕರೆಸಬೇಕಾಯಿತು. ಬಿಸಿ ಮತ್ತು ತೇವದ ಸೀಮೆಗಳಿಗೆ ಮೊದಲ ಸರದಿ. ತಕಾಟಾ 2017ರ ಜೂನ್‌ನಲ್ಲಿ ದಿವಾಳಿ ಅರ್ಜಿ ಹಾಕಿತು.

ಈ ದೋಷ ಗಾಡಿಗೆ ವಯಸ್ಸಾದಂತೆ ಬಲಿಯುತ್ತದೆ ಎಂಬುದೇ ನನ್ನನ್ನು ಹೆಚ್ಚು ಕಂಗೆಡಿಸಿತು. ಹೊಸ ಕಾರಿಗೆ ಇಲ್ಲದ ಅಪಾಯ ಹಳತಕ್ಕೆ. ಬೆಂಗಳೂರಿನಲ್ಲೋ ಶಿವಮೊಗ್ಗದಲ್ಲೋ ಶೋರೂಮಿನಿಂದ ಇಳಿದ ಕಾರು ನಾಲ್ಕೈದು ವರ್ಷಕ್ಕೆ ಶಿಕಾರಿಪುರಕ್ಕೆ ಬರುತ್ತದೆ, ಏಳೆಂಟು ವರ್ಷಕ್ಕೆ ಶಿರಾಳಕೊಪ್ಪ, ಆನವಟ್ಟಿಗೆ, ಆಮೇಲೆ ಯಾವುದೋ ಹಳ್ಳಿಯ ಅಡಿಕೆ ತೋಟದ ಅಂಚಿಗೆ. ಅಪಾಯ ಗಾಡಿಯ ಜೊತೆ ಹೀಗೆ ಕೈಯಿಂದ ಕೈಗೆ ಹೋಗುತ್ತಿರುತ್ತದೆ. ಎಚ್ಚರಿಕೆಯ ಕಾಗದ ಮಾತ್ರ ದಾಖಲೆಯಲ್ಲಿರುವ ಹೆಸರು ಹುಡುಕಿಕೊಂಡು ಮೊದಲಿನವನ ಮನೆಬಾಗಿಲಿಗೇ ಬರುತ್ತದೆ.

ಬಟ್ಟೆ ವ್ಯಾಪಾರಿಗೆ ಫೋನ್ ಮಾಡಿದರೆ, "ಅಯ್ಯೋ, ಅದನ್ನು ಕೊಟ್ಟು ಎರಡು ವರ್ಷ ಆಯ್ತಲ್ಲ ಮೇಷ್ಟ್ರೇ" ಅಂದರು. ಹೆಸರು ವರ್ಗವಾಗಿರಲಿಲ್ಲ. ನನ್ನ ಸಹಿಯಿದ್ದ ನಮೂನೆಗಳು ಕಾರಿನ ಜೊತೆಗೇ ಆನವಟ್ಟಿಯ ಬ್ರೋಕರ್ ಕೈ ಸೇರಿದ್ದವು. ಬ್ರೋಕರ್‌ಗೆ ಜ್ಞಾಪಕಶಕ್ತಿ ಚೆನ್ನಾಗಿತ್ತು, ಮಾತು ಕಡಿಮೆ. ನಾನು ಗಾಡಿಯ ಮೇಲೆ ಏನೋ ಹಕ್ಕು ಹೂಡಲು ಬಂದಿದ್ದೇನೆಂದು ಎರಡು ದಿನ ಸತಾಯಿಸಿ, ಕಡೆಗೆ ಚಂದ್ರಗುತ್ತಿ ರಸ್ತೆಯ ಒಂದು ಹಳ್ಳಿಯ ಹೆಸರು ಹೇಳಿದ.

ಮರುದಿನ ಬಸ್ಸು ಹತ್ತಿದೆ. ಶಿರಾಳಕೊಪ್ಪದಲ್ಲಿ ಇಳಿದು ಬಸ್ಸು ಬದಲಿಸಿ, ಸೊರಬದಲ್ಲಿ ಇನ್ನೊಮ್ಮೆ ಬದಲಿಸಿ, ಊರು ಸೇರುವಾಗ ಮಧ್ಯಾಹ್ನ ಮೂರೂವರೆ. ಮನೆಯಲ್ಲಿ ಹುಡುಗ ಇರಲಿಲ್ಲ, ತಾಯಿ ಇದ್ದರು. ಜಗಲಿಯಲ್ಲಿ ಕೂರಿಸಿ ನೀರು ಬೆಲ್ಲ ಕೊಟ್ಟರು. ನಾಲ್ಕು ದಾಟಿದ ಮೇಲೆ ಕಾರು ಬಂತು. ನನ್ನ ಕಾರೇ! ಹಿಂದಿನ ಗಾಜಿನ ಮೇಲೆ ಶ್ರೀ ರೇಣುಕಾಂಬ ಎಂದು ಬರೆಸಿದ್ದರು. ಬಾಗಿಲು ತೆರೆದರೆ ಒಂದಾದ ಮೇಲೊಂದು ಆರು ಮಕ್ಕಳು ಇಳಿದರು. ಊರಿನ ಮಕ್ಕಳನ್ನು ಸೊರಬದ ಶಾಲೆಗೆ ಬಿಟ್ಟು ಕರೆದುಕೊಂಡು ಬರುವ ಕೆಲಸ ಅವನದು. ಮುಂದಿನ ಸೀಟಿನಿಂದ ಇಳಿದದ್ದು ಎರಡು ಜಡೆಯ ಒಂದು ಪುಟ್ಟ ಹುಡುಗಿ, ಎಲ್‌ಕೆಜಿಯದಿರಬೇಕು. ಅದು ಇಡೀ ದಾರಿ ಡ್ಯಾಶ್‌ಬೋರ್ಡಿನ ಮೇಲೆ ಎರಡೂ ಕೈ ಊರಿಕೊಂಡು ನಿಂತೇ ಬಂದಿತ್ತು.

ನಾನು ಕಾಗದ ತೆಗೆದು ವಿಷಯ ಹೇಳಿದೆ. ಹುಡುಗ ಮೊದಲು ಕೇಳಿದ್ದು, "ರಿಕಾಲ್ ಅಂದ್ರೆ ಗಾಡಿ ವಾಪಸ್ ತಗೊಂಡು ಹೋಗ್ತಾರಾ?" ಎಂದು. ಆ ಇಂಗ್ಲಿಷ್ ಮಾತಿಗೆ ಹಾಗೆ ಅರ್ಥ ಮಾಡಿಕೊಂಡದ್ದು ಅವನ ತಪ್ಪಲ್ಲ. ಗಾಡಿ ನಿನ್ನದೇ, ಆ ಒಂದು ಭಾಗವನ್ನು ಮಾತ್ರ ಬದಲಾಯಿಸಿ ಕೊಡುತ್ತಾರೆ, ದುಡ್ಡು ಕೇಳುವುದಿಲ್ಲ ಎಂದು ಬಿಡಿಸಿ ಹೇಳಿದೆ. ಅವನಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಬಿಟ್ಟಿ ಕೊಡುತ್ತೇವೆಂದು ಯಾರಾದರೂ ಶಿಕಾರಿಪುರದಿಂದ ಎರಡು ಬಸ್ಸು ಬದಲಿಸಿಕೊಂಡು ಬರುತ್ತಾರೆಯೇ?

ತಾಯಿ ಅಷ್ಟು ಹೊತ್ತೂ ಬಾಗಿಲಿಗೊರಗಿ ಕೇಳಿಸಿಕೊಳ್ಳುತ್ತಿದ್ದರು. "ಈ ಕಾಗ್ದ ನಿಮಗೆ ಯಾವಾಗ ಬಂತು ಮೇಷ್ಟ್ರೇ?" ಅಂದರು.

ಹನ್ನೊಂದು ತಿಂಗಳಾಯಿತು ಎಂದೆ. ಬೇರೇನು ಹೇಳಲಿ? ಅವರು ಏನೂ ಅನ್ನಲಿಲ್ಲ. ಅಂಗಳದಲ್ಲಿ ಆಡುತ್ತಿದ್ದ ಎರಡು ಜಡೆಯ ಹುಡುಗಿಯ ಕಡೆ ನೋಡಿದರು. ಅದು ಅವರ ಮೊಮ್ಮಗಳು ಎಂದು ಆಮೇಲೆ ತಿಳಿಯಿತು. ಹನ್ನೊಂದು ತಿಂಗಳಲ್ಲಿ ಎಷ್ಟು ದಿನ ಶಾಲೆ, ದಿನಕ್ಕೆ ಎರಡು ಸಲದಂತೆ ಎಷ್ಟು ಸಲ ಈ ಮಗು ಅಲ್ಲಿ ಕೈ ಊರಿಕೊಂಡು ನಿಂತಿತ್ತು ಎಂಬ ಲೆಕ್ಕ ನನ್ನ ತಲೆಯಲ್ಲಿ ತಾನಾಗಿ ನಡೆಯಿತು. ಗಣಿತದ ಮೇಷ್ಟ್ರಿಗೆ ಲೆಕ್ಕ ನಿಲ್ಲಿಸುವುದು ಕಷ್ಟ.

ಆ ಭಾಗ ಬದಲಾಗುವ ತನಕ ಮುಂದೆ ಮಕ್ಕಳನ್ನು ಕೂರಿಸಬೇಡ ಎಂದೆ. ಬದಲಾದ ಮೇಲೂ ಕೂರಿಸಬಾರದು. ಏರ್‌ಬ್ಯಾಗ್ ಎಷ್ಟೇ ಚೆನ್ನಾಗಿದ್ದರೂ ಅದರ ಹೊಡೆತ ದೊಡ್ಡವರ ಎದೆಗೆ ಅಂತ ಲೆಕ್ಕ ಹಾಕಿದ್ದು, ಚಿಕ್ಕ ಮಕ್ಕಳ ತಲೆಗೆ ಅದೇ ಮಾರಿ. ಎರಡು ಜಡೆಯ ಹುಡುಗಿಗೆ ಇದು ಕೇಳಿಸಿತು. "ಮುಂದಿನ ಸೀಟು ನಂದು" ಎಂದು ಜೋರಾಗಿ ಅಳತೊಡಗಿತು.

ಶಿವಮೊಗ್ಗದ ಡೀಲರಿಗೆ ನಾನೇ ಫೋನ್ ಮಾಡಿದೆ. "ನೀವೇ ಓನರಾ ಸಾರ್?" ಎಂದರು. "ಕಾಗದದ ಪ್ರಕಾರ ಹೌದು" ಎಂದೆ. ಅವರಿಗೆ ಬೇಕಾಗಿದ್ದದ್ದು ಚಾಸಿ ನಂಬರು ಮಾತ್ರ. ಆರ್‌ಸಿಯಲ್ಲಿ ಬರೆದಿರುವ ಹದಿನೇಳು ಅಕ್ಷರ-ಅಂಕಿಗಳ ಸಾಲು ಅದು. ಅದನ್ನು ಹೇಳಿದರೆ ಈ ಗಾಡಿಗೆ ಯಾವ ರಿಕಾಲ್ ಇದೆ, ಕೆಲಸ ಆಗಿದೆಯೋ ಬಾಕಿಯೋ ಎಂಬುದು ಅವರ ಕಂಪ್ಯೂಟರಿನಲ್ಲಿ ಕಾಣುತ್ತದೆ. ಹೆಚ್ಚಿನ ಕಂಪನಿಗಳ ವೆಬ್‌ಸೈಟಿನಲ್ಲಿ ನಾವೇ ನೋಡಿಕೊಳ್ಳುವ ಅನುಕೂಲವೂ ಈಗ ಇದೆ. ಈ ದುರಸ್ತಿ ಗಾಡಿಗೆ ಸಲ್ಲುವುದು. ಹಿಡಿದವನು ಮೂರನೆಯವನೋ ನಾಲ್ಕನೆಯವನೋ ಎಂಬುದು ಮುಖ್ಯವಲ್ಲ, ವಾರಂಟಿ ಮುಗಿದಿದ್ದರೂ ಅಡ್ಡಿಯಿಲ್ಲ. ಸೆಕೆಂಡ್‌ಹ್ಯಾಂಡ್ ಕಾರು ಕೊಳ್ಳುವಾಗ ನಾವು ಟೈರು ಒದ್ದು ನೋಡುತ್ತೇವೆ, ಬಾನೆಟ್ಟು ಎತ್ತಿ ಆಯಿಲ್ ಕಡ್ಡಿ ಎಳೆದು ನೋಡುತ್ತೇವೆ. ಈ ಒಂದು ನಂಬರನ್ನು ಡೀಲರಿಗೆ ಓದಿ ಹೇಳಿ ಕೇಳುವವರನ್ನು ನಾನಂತೂ ಕಂಡಿಲ್ಲ. ಒಂದು ಫೋನ್ ಕರೆಯ ಕೆಲಸ.

ಡಬ್ಬಿ ತರಿಸಲು ಎಂಟು ದಿನ ಬೇಕೆಂದರು. ಅಷ್ಟರಲ್ಲಿ ಹುಡುಗ ತನ್ನ ಪರಿಚಯದ ಮೆಕ್ಯಾನಿಕ್‌ಗೆ ತೋರಿಸಿದ್ದನಂತೆ. "ಬಿಚ್ಚಿ ಬಿಸಾಡೋಣ ಬಿಡು, ಅದ್ಯಾಕೆ ಶಿವಮೊಗ್ಗ" ಎಂದು ಆತ ಸ್ಕ್ರೂಡ್ರೈವರ್ ಹಿಡಿದದ್ದನ್ನು ಕೇಳಿ ನನಗೆ ಜೀವ ಹೋದಂತಾಯಿತು. ನಮ್ಮ ಕಡೆಯ ಮೆಕ್ಯಾನಿಕ್‌ಗಳ ಬಗ್ಗೆ ನನಗೆ ಗೌರವವಿದೆ. ಎಂಜಿನ್ನಿನ ಸದ್ದು ಕೇಳಿಯೇ ಕಾಯಿಲೆ ಹೇಳುವವರು ಅವರು. ಆದರೆ ಹಳದಿ ಬಣ್ಣದ ವೈರು ಕಂಡಲ್ಲಿ ಕೈ ಹಿಂದಕ್ಕೆ ತೆಗೆಯಬೇಕು. ಅದು ಏರ್‌ಬ್ಯಾಗಿನ ವೈರು, ಅದರ ತುದಿಯಲ್ಲಿ ಮದ್ದಿದೆ.

ಗೊತ್ತು ಮಾಡಿದ ದಿನ ಹುಡುಗ ಬೆಳಗ್ಗೆ ಆರಕ್ಕೆ ಹೊರಟು ಬಂದು ಶಿಕಾರಿಪುರದಲ್ಲಿ ನನ್ನನ್ನು ಹತ್ತಿಸಿಕೊಂಡ. ಮೂರು ವರ್ಷದ ಮೇಲೆ ನನ್ನ ಕಾರಿನಲ್ಲಿ ಕೂತೆ, ಹಿಂದಿನ ಸೀಟಿನಲ್ಲಿ. ವರ್ಕ್‌ಶಾಪಿನ ಕೆಲಸ ಒಂದೂವರೆ ಗಂಟೆಯಲ್ಲಿ ಮುಗಿಯಿತು. ಬಿಲ್ಲಿನಲ್ಲಿ ಸೊನ್ನೆ. ಆದರೆ ಚಂದ್ರಗುತ್ತಿ ಕಡೆಯಿಂದ ಶಿವಮೊಗ್ಗ ನೂರು ಕಿಲೋಮೀಟರಿಗೆ ಕಡಿಮೆಯಿಲ್ಲ. ಹೋಗಿ ಬರುವ ಪೆಟ್ರೋಲು, ಒಂದು ದಿನದ ಮಕ್ಕಳ ಬಾಡಿಗೆ, ಊಟ ಎಲ್ಲ ಕೂಡಿದರೆ ಆ ಸೊನ್ನೆ ಅವನ ಪಾಲಿಗೆ ಸೊನ್ನೆಯಲ್ಲ. ಪೆಟ್ರೋಲಿನ ಹಣ ನಾನು ಕೊಡಹೋದರೆ ಒಲ್ಲೆನೆಂದ, ಕಡೆಗೆ ಅರ್ಧಕ್ಕೆ ಒಪ್ಪಿದ. ಆರ್‌ಟಿಓದವರು ತಾಲ್ಲೂಕುಗಳಿಗೆ ಬಂದು ಕ್ಯಾಂಪ್ ನಡೆಸುವ ಹಾಗೆ ಕಂಪನಿಗಳು ತಿಂಗಳಿಗೊಂದು ದಿನ ಸೊರಬಕ್ಕೋ ಶಿಕಾರಿಪುರಕ್ಕೋ ಇಬ್ಬರು ಮೆಕ್ಯಾನಿಕ್‌ಗಳನ್ನು ಕಳಿಸಿದರೆ ಏನು ನಷ್ಟ? ಪ್ರತಿ ವರ್ಷ ವಿಮೆ ಕಟ್ಟುವಾಗ ಈಗ ಗಾಡಿ ಯಾರ ಕೈಯಲ್ಲಿದೆಯೋ ಅವರ ಫೋನ್ ನಂಬರು ವಿಮೆಯವರಿಗೆ ಸಿಗುತ್ತದೆ. ಅಲ್ಲಿಯೇ ಚಾಸಿ ನಂಬರು ತಾಳೆ ನೋಡಿ ಹೇಳಿಬಿಟ್ಟರೆ ನನ್ನಂಥವರ ರದ್ದಿ ಕಟ್ಟನ್ನು ನಂಬಬೇಕಾಗಿಲ್ಲ.

ಆಗ ನಮ್ಮಲ್ಲಿ ಇದಕ್ಕೆ ಕಾನೂನಿನ ಬಲ ಇರಲಿಲ್ಲ. ವಾಹನ ತಯಾರಕರ ಸಂಘ 2012ರಲ್ಲಿ ತಾನೇ ಮಾಡಿಕೊಂಡ ನಿಯಮದಂತೆ ಕಂಪನಿಗಳು ಸ್ವಂತ ಇಚ್ಛೆಯಿಂದ ಕರೆಯುತ್ತಿದ್ದವು. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ತಿದ್ದುಪಡಿಯಾಯಿತು. 2021ರ ಏಪ್ರಿಲ್ 1ರಿಂದ, ಕಂಪನಿ ತಾನಾಗಿ ಮಾಡದಿದ್ದರೆ ಸರ್ಕಾರವೇ ರಿಕಾಲ್‌ಗೆ ಆದೇಶ ಮಾಡಬಹುದು, 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು. ಗಾಡಿ ಇಟ್ಟುಕೊಂಡವರು ಸರ್ಕಾರದ ವಾಹನ್ ಪೋರ್ಟಲಿನಲ್ಲಿ ದೋಷದ ಬಗ್ಗೆ ದೂರು ಕೊಡಬಹುದು. ಒಳ್ಳೆಯದೇ. ಆದರೆ ಈ ನಿಯಮ ಏಳು ವರ್ಷದೊಳಗಿನ ಗಾಡಿಗಳಿಗೆ. ನಮ್ಮ ಸೀಮೆಯಲ್ಲಿ ಎಷ್ಟೋ ಕಾರುಗಳ ಎರಡನೆಯ ಆಯುಷ್ಯ ಶುರುವಾಗುವುದೇ ಏಳನೆಯ ವರ್ಷಕ್ಕೆ.

ರಿಕಾಲ್ ಎಂದ ಕೂಡಲೇ ಆ ಕಂಪನಿಯೇ ಕೆಟ್ಟದ್ದೆಂದು ಹೇಳುವವರಿದ್ದಾರೆ. ನಾನು ಹಾಗೆನ್ನುವುದಿಲ್ಲ. ಕರೆದು ಸರಿಮಾಡುವವನಿಗಿಂತ ಗೊತ್ತಿದ್ದೂ ಸುಮ್ಮನಿರುವವನೇ ಅಪಾಯ. ಮಾರುತಿ ಸುಜುಕಿಯವರು 2020ರ ಜುಲೈನಲ್ಲಿ ಇಂಧನ ಪಂಪಿನ ಅನುಮಾನಕ್ಕೆ 1,34,885 ವ್ಯಾಗನ್‌ಆರ್ ಮತ್ತು ಬಲೆನೊ ಕಾರುಗಳನ್ನು ಕರೆದರು. 2021ರ ಸೆಪ್ಟೆಂಬರಿನಲ್ಲಿ ಸಿಯಾಜ್, ಎರ್ಟಿಗಾ, ಬ್ರೆಜಾ ಮೊದಲಾದ 1,81,754 ಪೆಟ್ರೋಲ್ ಗಾಡಿಗಳನ್ನು ಕರೆದಾಗ, ಭಾಗ ಬದಲಾಗುವ ತನಕ ನೀರು ನಿಂತ ಕಡೆ ಓಡಿಸಬೇಡಿ, ವಿದ್ಯುತ್ ಭಾಗಗಳ ಮೇಲೆ ನೇರ ನೀರು ಬಿಡಬೇಡಿ ಎಂದು ಹೇಳಿದ್ದರು. ಮಳೆಗಾಲದ ಸೊರಬದಲ್ಲಿ ನೀರು ನಿಲ್ಲದ ರಸ್ತೆ ಯಾವುದೆಂದು ಅವರೇ ಬಂದು ತೋರಿಸಬೇಕಿತ್ತು! ತಮಾಷೆ ಬಿಟ್ಟು ಹೇಳುವುದಾದರೆ, ಇಂಥ ಮಾತನ್ನು ಪತ್ರಿಕೆಯಲ್ಲಿ ಓದಿದ ದಿನವೇ ನಮ್ಮ ಆರ್‌ಸಿ ತೆಗೆದು ತಿಂಗಳು-ವರ್ಷ ಹೋಲಿಸಿ ನೋಡುವುದು ವಾಸಿ. ಎಲ್ಲ ಗಾಡಿಗೂ ಅದು ತಗುಲುವುದಿಲ್ಲ, ಇಂಥ ದಿನದಿಂದ ಇಂಥ ದಿನದವರೆಗೆ ತಯಾರಾದದ್ದಕ್ಕೆ ಮಾತ್ರ.

ಶಿವಮೊಗ್ಗದಿಂದ ಹಿಂದಿರುಗುವ ದಾರಿಯಲ್ಲಿ ನಾನು ಆರ್‌ಸಿ ವರ್ಗದ ಮಾತೆತ್ತಿದೆ. ನನಗೂ ಅದರಲ್ಲಿ ಸ್ವಾರ್ಥವಿತ್ತು. ಅದೇ 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪೊಂದನ್ನು ವಕೀಲ ಸ್ನೇಹಿತರೊಬ್ಬರು ಹೇಳಿದ್ದರು. ಗಾಡಿ ಎಷ್ಟು ಕೈ ಬದಲಾಗಿದ್ದರೂ, ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ, ಅಪಘಾತವಾದರೆ ಪರಿಹಾರದ ಹೊಣೆಯೂ ಅವನದೇ. ಆರು ಮಕ್ಕಳನ್ನು ಹೊತ್ತ ಆ ಕಾರು ಮೂರು ವರ್ಷ ನನ್ನ ಹೆಸರಿನಲ್ಲೇ ಸೊರಬದ ರಸ್ತೆಗಳಲ್ಲಿ ಓಡಾಡಿಕೊಂಡಿತ್ತು. ಹುಡುಗ ಎರಡು ಸಲ ಸಾಗರಕ್ಕೆ ಅಲೆದು ಹೆಸರು ಮಾಡಿಸಿಕೊಂಡ, ತನ್ನ ಫೋನ್ ನಂಬರನ್ನೂ ಸೇರಿಸಿದ.

ಮುಂದಿನ ಚಂದ್ರಗುತ್ತಿ ಜಾತ್ರೆಗೆ ಹೋದಾಗ ಅವರ ಮನೆಗೂ ಹೋಗಿದ್ದೆ. ತಾಯಿ ಊಟಕ್ಕೆ ಎಬ್ಬಿಸಿದರು, ಕಾಗದದ ಮಾತು ತೆಗೆಯಲಿಲ್ಲ. ಕಾರಿನ ಮುಂದಿನ ಸೀಟಿನಲ್ಲಿ ಮಕ್ಕಳ ಚೀಲಗಳನ್ನು ಒಟ್ಟಿದ್ದರು. ಎರಡು ಜಡೆಯ ಹುಡುಗಿ ನನ್ನನ್ನು ಕಂಡದ್ದೇ ಅಜ್ಜಿಯ ಸೆರಗಿನ ಹಿಂದೆ ಸರಿದು, "ಇವ್ರೇ ಅಲ್ವಾ ನನ್ನ ಹಿಂದೆ ಕೂರ್ಸಿದ್ದು" ಎಂದಿತು.